ಮುಂಗೋಳಿಯ ಕಿವಿ

ನಮ್ಮ ದೊಡ್ಡಪ್ಪನಿಗೆ ಎಂಬತ್ತು ದಾಟಿದೆ. ಮೂವತ್ತು ವರ್ಷ ಆಲೆಮನೆಯ ಡೀಸೆಲ್ ಎಂಜಿನ್ ಪಕ್ಕದಲ್ಲಿ ನಿಂತವರು, ಹಾಗಾಗಿ ಕಿವಿ ಮಂದ. ಮಗ ಕೊಡಿಸಿದ ಕಿವಿ ಮಷೀನನ್ನು ಮಲಗುವಾಗ ಕಳಚಿ ಕನ್ನಡಕದ ಡಬ್ಬಿಗೆ ಹಾಕಿದರೆ, ಮತ್ತೆ ಅದು ಹೊರಬರುವುದು ಬೆಳಗಿನ ಕಾಫಿ ಆದ ಮೇಲೆ. ಆದರೂ ಮದ್ದೂರಿನ ಕಡೆಯ ಆ ಮನೆಗೆ ಹೋದಾಗಲೆಲ್ಲ ಅವರದು ಒಂದೇ ಮಾತು: “ನಂಗೆ ಅಲಾರಂ ಗಿಲಾರಂ ಬ್ಯಾಡ ಕಣಪ್ಪ. ಕೋಳಿ ಕೂಗ್ತು ಅಂದ್ರೆ ಎಚ್ಚರ ಆಯ್ತದೆ.”

ಒಳಗಿನಿಂದ ದೊಡ್ಡಮ್ಮನ ಉತ್ತರವೂ ಒಂದೇ: “ಕೋಳಿ ಕೂಗಿದ್ದು ಅವ್ರಿಗೆಲ್ಲಿ ಕೇಳ್ಸದು ಮಗ? ಒಂದಕ್ಕೆ ಎದ್ದಿರ್ತಾರೆ, ಕೋಳಿ ಮ್ಯಾಲೆ ಹಾಕ್ತಾರೆ.”

ಹಿತ್ತಲಲ್ಲಿ ಏಳು ಯಾಟೆ, ಮೂರು ಹುಂಜ. ಗಂಡುಮಕ್ಕಳು ಮೂವರೂ ಬೆಂಗಳೂರು ಸೇರಿದ ಮೇಲೆ ಹುಂಜಗಳಿಗೆ ಅವರ ಹೆಸರೇ ಬಂದಿದೆ: ದೊಡ್ಡೋನು, ನಡುವ್ಲೋನು, ಚಿಕ್ಕೋನು. ಇದರಿಂದ ಆಗುವ ಫಜೀತಿ ಒಂದೆರಡಲ್ಲ. “ಚಿಕ್ಕೋನು ಎರಡು ದಿನದಿಂದ ಮಂಕಾಗವ್ನೆ, ಏನೂ ತಿಂತಿಲ್ಲ” ಎಂದು ದೊಡ್ಡಮ್ಮ ಫೋನಿನಲ್ಲಿ ಹೇಳಿ, ಕಿರಿ ಸೊಸೆ ಪಕ್ಕದಲ್ಲೇ ಮೊಸರನ್ನ ತಿನ್ನುತ್ತಿದ್ದ ಗಂಡನ ಹಣೆ ಮುಟ್ಟಿ ನೋಡಿದ್ದೂ ಉಂಟು.

ಈ ಮೂರರಲ್ಲಿ ನಸುಕಿನಲ್ಲಿ ಮೊದಲು ಕೂಗುವುದು ಯಾವಾಗಲೂ ದೊಡ್ಡೋನು. ಆಮೇಲೆ ನಡುವ್ಲೋನು. ಚಿಕ್ಕೋನದು ಕೊನೆಗೆ, ಅದೂ ಗಂಟಲು ಒಡೆದ ಹುಡುಗನ ಹಾಗೆ. “ಅದ್ರಲ್ಲೇನೈತೆ, ದೊಡ್ಡೋರು ಮಾತಾಡ್ದೆ ಚಿಕ್ಕೋರು ಬಾಯಿ ಬಿಡ್ತಾರಾ?” ಎಂದು ದೊಡ್ಡಮ್ಮ ತಳ್ಳಿಹಾಕಿದ್ದ ಈ ವಿಷಯವನ್ನು ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು ವರ್ಷಗಟ್ಟಲೆ ಕೂತು ಅಳೆದಿದ್ದಾರೆ.

ತ್ಸುಯೋಶಿ ಶಿಮ್ಮುರಾ ಮತ್ತು ತಕಾಶಿ ಯೊಶಿಮುರಾ ಕೇಳಿಕೊಂಡ ಮೊದಲ ಪ್ರಶ್ನೆ ಸರಳ. ಕೋಳಿ ಕೂಗುವುದು ಬೆಳಕು ಕಂಡೋ, ಅಥವಾ ಅದಕ್ಕೆ ಹೊತ್ತು ತಾನಾಗೇ ಗೊತ್ತೋ? ಹುಂಜಗಳನ್ನು 12 ಗಂಟೆ ಬೆಳಕು, 12 ಗಂಟೆ ಮಬ್ಬು ಇರುವ ಕೋಣೆಯಲ್ಲಿ ಇಟ್ಟರು. ದೀಪ ಹತ್ತುವುದಕ್ಕೆ ಸುಮಾರು ಎರಡು ಗಂಟೆ ಮುಂಚೆಯೇ ಕೂಗು ಶುರು. ಆಮೇಲೆ ದೀಪ ಹತ್ತಿಸುವುದನ್ನೇ ಬಿಟ್ಟು, ಹಗಲು ರಾತ್ರಿ ಒಂದೇ ಮಬ್ಬಿನಲ್ಲಿ ಇಟ್ಟರು. ಆಗಲೂ ಹುಂಜಗಳು ಸರಾಸರಿ 23.7 ಗಂಟೆಗೊಮ್ಮೆ ‘ಬೆಳಗಾಯಿತು’ ಎಂದು ಸಾರುತ್ತಲೇ ಇದ್ದವು. ಅಂದರೆ ಹುಂಜದೊಳಗೆ ಒಂದು ಗಡಿಯಾರವಿದೆ, ಅದು ದಿನಕ್ಕೆ ಹದಿನೆಂಟು ನಿಮಿಷ ಮುಂದೆ ಓಡುತ್ತದೆ. ಹೊರಗಿನ ಬೆಳಕು ದಿನವೂ ಅದರ ಮುಳ್ಳನ್ನು ಸರಿಮಾಡುತ್ತದೆ. ನಡುರಾತ್ರಿ ಟೆಂಪೋ ಹೆಡ್‌ಲೈಟು ಬಿದ್ದರೆ, ಪಕ್ಕದ ಮನೆಯ ಹುಂಜ ಕೂಗಿದರೆ ಇದೂ ಕೂಗೀತು. ಆದರೆ ಅಂಥ ಪ್ರಚೋದನೆಗೆ ಹುಂಜ ಹೆಚ್ಚು ಓಗೊಡುವುದೂ ನಸುಕಿನ ಹೊತ್ತಿನಲ್ಲೇ. 2013ರಲ್ಲಿ ಇದು ಪ್ರಕಟವಾಯಿತು.

ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದು ಎಂದು ಬೀಗಿದ ಅಜ್ಜಿಯ ಕತೆ ನಮಗೆಲ್ಲ ಗೊತ್ತು. ಅವಳನ್ನು ನೋಡಿ ನಾವು ನಕ್ಕಿದ್ದೇ ನಕ್ಕಿದ್ದು. ಕೋಳಿ ಕೂಗಿದ್ದರಿಂದ ಬೆಳಗಾಗುವುದಿಲ್ಲ, ಸರಿ. ಆದರೆ ಬೆಳಗಾದ್ದರಿಂದ ಕೋಳಿ ಕೂಗಿತು ಎಂದುಕೊಂಡ ನಾವೂ ಅಷ್ಟೇ ತಪ್ಪು. ಈ ವಿಷಯದಲ್ಲಿ ನಮ್ಮ ಭಾಷೆಯೇ ನಮಗಿಂತ ಜಾಣ. ‘ಮುಂಗೋಳಿ’ ಎಂಬ ಪದ ಹುಟ್ಟಿಸಿದವರಿಗೆ, ಬೆಳಕಿಗಿಂತ ಮುಂದೆ ಒಂದು ಕೋಳಿ ಇರುತ್ತದೆ ಎಂಬುದು ತಿಳಿದಿತ್ತು.

ಆ ಮುಂಗೋಳಿ ಯಾರಾಗಬೇಕು? ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬುದಕ್ಕೆ ಕಟ್ಟುನಿಟ್ಟಾದ ಮೇಲುಕೀಳಿನ ಸಾಲು ಇದೆ ಎಂಬುದನ್ನು ನಾರ್ವೆಯ ಥೊರ್ಲೀಫ್ ಶೆಲ್ಡರಪ್-ಎಬ್ಬೆ ನೂರು ವರ್ಷದ ಹಿಂದೆಯೇ ತೋರಿಸಿದ್ದರು. ಕೂಗಿಗೂ ಅದೇ ಸಾಲು ಎಂದು ನಗೋಯಾದವರು 2015ರಲ್ಲಿ ಕಂಡರು. ಮೇಲಿನ ಹುಂಜ ಮೊದಲು, ಉಳಿದವು ಇಳಿಸಾಲಿನಲ್ಲಿ. ಕೆಳಗಿನದಕ್ಕೂ ಒಳಗೆ ಗಡಿಯಾರ ಉಂಟು, ಆದರೂ ಅದು ಗಂಟಲು ಬಿಗಿಹಿಡಿದು ಕಾಯುತ್ತದೆ. ಮೊದಲನೆಯದನ್ನು ಗುಂಪಿನಿಂದ ತೆಗೆದರೆ ಮರುದಿನ ಎರಡನೆಯದು ಶುರು ಮಾಡುತ್ತದೆ.

ಇದನ್ನು ಓದಿ ಹೇಳಿದಾಗ ದೊಡ್ಡಮ್ಮ, “ನಾವೂ ಮಾಡಿ ನೋಡಿದ್ವಲ್ಲ” ಎಂದರು. ಹೋದ ಯುಗಾದಿಯ ಹೊಸತೊಡಕಿಗೆ ದೊಡ್ಡೋನು ಬಂದನೆಂದು ದೊಡ್ಡೋನನ್ನೇ ಕುಯ್ದರಂತೆ. ಮುದ್ದೆ ಸಾರು ಉಂಡು ಮಲಗಿದ ಮರುದಿನ ನಸುಕಿನಲ್ಲಿ ಮೊದಲು ಕೂಗಿದ್ದು ನಡುವ್ಲೋನು. ಈಗ ಹಿತ್ತಲಲ್ಲಿರುವ ದೊಡ್ಡೋನು ಬಡ್ತಿ ಪಡೆದ ಆ ನಡುವ್ಲೋನೇ.

ಇನ್ನು ಕೂಗಿನ ಜೋರು. ಬೆಲ್ಜಿಯಂನ ಸಂಶೋಧಕರು ಹುಂಜದ ತಲೆಯ ಮೇಲೆ, ಕಿವಿಯ ಹತ್ತಿರವೇ ಪುಟ್ಟ ಮೈಕು ಕಟ್ಟಿ ಅಳೆದರು. ಎಲ್ಲವೂ 100 ಡೆಸಿಬೆಲ್ ಮೀರಿದ್ದವು, ಒಂದು 140ನ್ನೂ ದಾಟಿತ್ತು. ದೊಡ್ಡಪ್ಪನ ಡೀಸೆಲ್ ಎಂಜಿನ್ನು ಇದರ ಮುಂದೆ ಪಿಸುಮಾತು. ಹಾಗಾದರೆ ಹುಂಜಕ್ಕೇ ಮೊದಲು ಕಿವುಡಾಗಬೇಕಲ್ಲ? ಆಗುವುದಿಲ್ಲ. ಕೊಕ್ಕು ಪೂರ್ತಿ ತೆರೆದಾಗ ಅದರ ಹೊರಕಿವಿಯ ನಾಳ ತಾನಾಗೇ ಮುಚ್ಚಿಕೊಳ್ಳುತ್ತದೆ. “ನಿಮ್ಮ ದೊಡ್ಡಪ್ಪನೂ ಹಂಗೇಯ, ಬಾಯಿ ತೆಗೆದ್ರೆ ಕಿವಿ ಮುಚ್ಕಂತವೆ” ಎಂದು ದೊಡ್ಡಮ್ಮ ಸೇರಿಸಿದರು. ಪುಣ್ಯಕ್ಕೆ ದೊಡ್ಡಪ್ಪ ಆಗ ಮಷೀನು ಹಾಕಿರಲಿಲ್ಲ.

ನಾಳ ಮುಚ್ಚುವುದು ಮೊದಲ ಕಾವಲು. ಎರಡನೆಯದು ಇನ್ನೂ ಆಳದಲ್ಲಿದೆ. ಒಳಕಿವಿಯಲ್ಲಿ ಸದ್ದನ್ನು ನರದ ಭಾಷೆಗೆ ತಿರುಗಿಸುವುದು ಕೇಶಕೋಶಗಳು. ತಲೆಯ ಮೇಲೆ ಸಣ್ಣ ರೋಮದ ಜುಟ್ಟು ಇರುವ ಇವು ಮನುಷ್ಯನಿಗೆ ಒಂದೊಂದು ಕಿವಿಗೆ ಸುಮಾರು 15,000. ಹುಟ್ಟುವಾಗ ಬಂದಷ್ಟೇ ಬಂಡವಾಳ. ಗದ್ದಲ, ವಯಸ್ಸು, ಕೆಲವು ಔಷಧಿ ಇವನ್ನು ತಿಂದರೆ ಮತ್ತೆ ಹುಟ್ಟುವುದಿಲ್ಲ. ಕೋಳಿಯ ಕತೆ ಬೇರೆ. 1988ರಲ್ಲಿ ‘ಸೈನ್ಸ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡಗಳು, ಒಂದು ಕೋಳಿಯ ಮೇಲೆ, ಇನ್ನೊಂದು ಲಾವಕ್ಕಿಯ ಮೇಲೆ ಪ್ರಯೋಗ ಮಾಡಿ, ಭಾರಿ ಸದ್ದಿಗೆ ಸತ್ತ ಕೇಶಕೋಶಗಳ ಜಾಗದಲ್ಲಿ ಹೊಸವು ಹುಟ್ಟುವುದನ್ನು ವರದಿ ಮಾಡಿದವು. ಪಕ್ಕದಲ್ಲಿ ಆಸರೆಯಾಗಿ ನಿಂತ ಮಾಮೂಲಿ ಕೋಶಗಳೇ ಒಡೆದು ಎರಡಾಗಿ ಅಥವಾ ವೇಷ ಬದಲಿಸಿ ಕೇಶಕೋಶಗಳಾಗುತ್ತವೆ. ಕೆಲವು ವಾರಗಳಲ್ಲಿ ಕೋಳಿಗೆ ಮತ್ತೆ ಬಹುಪಾಲು ಕೇಳಿಸುತ್ತದೆ. ಆ ಆಸರೆಕೋಶಗಳು ನಮ್ಮ ಕಿವಿಯಲ್ಲೂ ಇವೆ, ಆದರೆ ಸುಮ್ಮನೆ ಕೂತಿವೆ. ಅವನ್ನು ಎಬ್ಬಿಸುವುದು ಹೇಗೆಂದು ಇವತ್ತಿಗೂ ಹುಡುಕಾಟ ನಡೆದಿದೆ.

ಮಷೀನು ಹಾಕಿಸಿ ಇದನ್ನೆಲ್ಲ ಹೇಳಿದೆ. ದೊಡ್ಡಪ್ಪ ಯೋಚಿಸಿ, “ಹಂಗಾರೆ ನಾಟಿಕೋಳಿ ತಿಂದ್ರೆ ಕಿವಿ ಬತ್ತದಾ?” ಎಂದರು.

“ಎಂಬತ್ತು ವರ್ಸ ತಿಂದೋರಿಗೆ ಬರ್ದಿದ್ದು ಈಗ ಬತ್ತದಾ?” ಎಂದರು ದೊಡ್ಡಮ್ಮ.

ಉಳಿದದ್ದು ದೊಡ್ಡಪ್ಪನ ಅಲಾರಮ್ಮಿನ ಗುಟ್ಟು. ನಮ್ಮ ಮೆದುಳಲ್ಲೂ ಗಡಿಯಾರವಿದೆ. ಎರಡು ಕಣ್ಣಿನ ನರಗಳು ಹಾದುಹೋಗುವ ಕಡೆ, ಅದರ ತುಸು ಮೇಲೆ, ಸುಮಾರು 20,000 ನರಕೋಶಗಳ ಗೊಂಚಲು. ವಯಸ್ಸಾದಂತೆ ಅದರ ಹೊತ್ತು ಮುಂದಕ್ಕೆ ಸರಿಯುತ್ತದೆ, ನಿದ್ದೆ ಬೇಗ ಬಂದು ಬೇಗ ಬಿಡುತ್ತದೆ. ದೊಡ್ಡಪ್ಪನನ್ನು ಎಬ್ಬಿಸುವುದು ಕೋಳಿಯೂ ಅಲ್ಲ, ದೊಡ್ಡಮ್ಮ ಹೇಳಿದ ಕಾರಣವೊಂದೇ ಅಲ್ಲ.

ಕಳೆದ ಸಲ ಹೋದಾಗ ನಾಲ್ಕೂವರೆಗೆ ಬಾಗಿಲ ಚಿಲಕದ ಸದ್ದಾಯಿತು. ಕಿಟಕಿಯಿಂದ ಇಣುಕಿದೆ. ದೊಡ್ಡಪ್ಪ ಬರಿಗಿವಿಯಲ್ಲಿ ಹಿತ್ತಲಿಗೆ ಹೋಗಿ ಗೂಡಿನ ಹಲಗೆ ಸರಿಸಿದರು. ಹೊಸ ದೊಡ್ಡೋನು ಹೊರಗೆ ಬಂದು, ಕತ್ತು ನಿಮಿರಿಸಿ, ಕೊಕ್ಕು ಅಗಲಿಸಿ, ತನ್ನ ಕಿವಿ ತಾನೇ ಮುಚ್ಚಿಕೊಂಡು ಕೂಗಿದ. ಪಕ್ಕದಲ್ಲೇ ನಿಂತ ದೊಡ್ಡಪ್ಪ ಅಲ್ಲಾಡಲಿಲ್ಲ. ಕೂಗಿದವನಿಗೂ ಕೇಳದ, ಎದ್ದವರಿಗೂ ಕೇಳದ ಆ ಕೂಗು ಪೂರ್ತಿಯಾಗಿ ಬಂದು ಬಡಿದದ್ದು, ಇನ್ನೂ ಎರಡು ಗಂಟೆ ಮಲಗುವ ಆಸೆಯಲ್ಲಿದ್ದ ನನ್ನ ಕಿವಿಗೆ.