ತೊಟ್ಟಿಲು ಭದ್ರವೆ? ಶಿಶುವಿನ ಪೀಠೋಪಕರಣ ಮತ್ತು ಮನೆಯವರ ಹೊಣೆ

ಮಗು ಹುಟ್ಟಿದ ಮನೆಗೆ ಮೊದಲು ಬರುವ ಉಪಕರಣ ತೊಟ್ಟಿಲು. ತವರಿನವರು ಅದನ್ನು ಉಡುಗೊರೆಯಾಗಿ ತರುವುದು ನಮ್ಮ ನಾಡಿನ ಅನೇಕ ಕಡೆ ನಡೆದುಬಂದ ಸಂಪ್ರದಾಯ. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿನಲ್ಲೆಲ್ಲ ಹೆಸರುವಾಸಿ. ಇಂದು ತೊಟ್ಟಿಲಿನ ಜೊತೆಗೆ ಕಬ್ಬಿಣದ ಶಿಶುಮಂಚ, ಸ್ಪ್ರಿಂಗ್ ಜೋಲಿ, ಗಾಲಿಯ ವಾಕರ್, ಊಟದ ಎತ್ತರದ ಕುರ್ಚಿ, ಬಟ್ಟೆ ಇಡುವ ಡ್ರಾವರ್ ಕಪಾಟು ಎಲ್ಲವೂ ಮನೆ ಸೇರುತ್ತಿವೆ. ಚಿಕಿತ್ಸಾಲಯಕ್ಕೆ ಬರುವ ತಾಯಂದಿರು ಹಾಲು, ಜ್ವರ, ಅಜೀರ್ಣಗಳ ಕುರಿತು ವಿವರವಾಗಿ ವಿಚಾರಿಸುತ್ತಾರೆ. ಮಗು ದಿನದ ಬಹುಭಾಗವನ್ನು ಕಳೆಯುವ ಮಂಚದ ಕುರಿತು ವಿಚಾರಿಸುವವರು ವಿರಳ. ಆ ವಸ್ತುವನ್ನು ಪರೀಕ್ಷಿಸುವ ಬಗೆಯನ್ನೂ, ದೋಷ ಕಂಡಾಗ ಮಾರಿದವರನ್ನು ಕೇಳುವ ಬಗೆಯನ್ನೂ ಭಕ್ತಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ಆಚಾರ್ಯರ ದೃಷ್ಟಿ

ಶಿಶುವಿನ ಸುರಕ್ಷತೆಯೆಂಬುದು ಪಶ್ಚಿಮದಿಂದ ಬಂದ ಹೊಸ ವಿಚಾರವೆಂದು ಭಾವಿಸಬೇಕಾಗಿಲ್ಲ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಕುಮಾರಾಗಾರದ, ಅಂದರೆ ಮಗುವನ್ನಿರಿಸುವ ಕೋಣೆಯ, ವರ್ಣನೆಯಿದೆ. ಅದು ದೃಢವಾಗಿರಬೇಕು, ಕತ್ತಲೆಯಿಂದ ಕೂಡಿರಬಾರದು, ಇಲಿ ಮತ್ತು ಕೀಟಗಳ ಬಾಧೆ ಇರಬಾರದು ಎಂದು ಆಚಾರ್ಯರು ವಿಧಿಸಿದ್ದಾರೆ. ಆಟಿಕೆಗಳ ವಿಷಯದಲ್ಲಂತೂ ಅವರ ಸೂಕ್ಷ್ಮತೆ ಬೆರಗು ಹುಟ್ಟಿಸುತ್ತದೆ. ಆಟಿಕೆ ಹಗುರವಾಗಿರಬೇಕು; ತುದಿ ಚೂಪಾಗಿರಬಾರದು; ಬಾಯೊಳಗೆ ಹೋಗುವಷ್ಟು ಚಿಕ್ಕದಾಗಿರಬಾರದು; ಮಗುವನ್ನು ಹೆದರಿಸಬಾರದು; ಪ್ರಾಣಕ್ಕೆ ಕುತ್ತು ತರುವಂತಿರಬಾರದು. ಇಂದಿನ ಮಾನಕ ಸಂಸ್ಥೆಗಳು ಆಟಿಕೆಯನ್ನು ಪರೀಕ್ಷಿಸುವಾಗ ನೋಡುವ ಅಂಶಗಳಲ್ಲಿ ಇವೂ ಸೇರಿವೆ. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಸುಶ್ರುತಾಚಾರ್ಯರು ಮಗುವನ್ನು ಕಾಲಕ್ಕೆ ಮುನ್ನ ಕುಳ್ಳಿರಿಸಬಾರದು, ಬೆನ್ನು ಬಾಗುವ ಭಯವಿದೆ ಎಂದು ಎಚ್ಚರಿಸಿದ್ದಾರೆ. ಕುತ್ತಿಗೆ ನಿಲ್ಲದ ಕೂಸನ್ನು ಕುರ್ಚಿಯಲ್ಲಿ ಕಟ್ಟಿ ಕೂರಿಸುವವರು ಈ ಮಾತನ್ನು ನೆನೆಯಬೇಕು.

ಅಪಾಯ ಎಲ್ಲಿರುತ್ತದೆ?

ಮೊದಲನೆಯದು, ಸರಳುಗಳ ನಡುವಿನ ಅಂತರ. ಶಿಶುವಿನ ದೇಹದಲ್ಲಿ ತಲೆಯೇ ದೊಡ್ಡದು. ಅಂತರ ಅಗಲವಾಗಿದ್ದರೆ ನಿದ್ದೆಯಲ್ಲಿ ಹೊರಳಿದ ಮಗುವಿನ ಕಾಲು, ಸೊಂಟ, ಎದೆ ಹೊರಗೆ ಜಾರುತ್ತವೆ. ತಲೆ ಮಾತ್ರ ಸಿಕ್ಕಿಕೊಳ್ಳುತ್ತದೆ. ಆಗ ದೇಹದ ಭಾರವೆಲ್ಲ ಕುತ್ತಿಗೆಯ ಮೇಲೆ ಬೀಳುತ್ತದೆ, ಕೂಗಲೂ ಉಸಿರಿರುವುದಿಲ್ಲ. ಈ ಕಾರಣದಿಂದ ಅಮೆರಿಕದಲ್ಲಿ 1970ರ ದಶಕದಿಂದಲೇ ಈ ಅಂತರ ಸುಮಾರು 6 ಸೆಂಟಿಮೀಟರ್ ಮೀರಬಾರದೆಂಬ ನಿಯಮವಿದೆ. ದರ್ಜಿಯ ಟೇಪು ಹಿಡಿದು ಅಳೆಯಿರಿ. 6 ಸೆಂಟಿಮೀಟರ್ ದಾಟಿದರೆ ಆ ಮಂಚ ನಿಮ್ಮ ಮಗುವಿಗೆ ತಕ್ಕುದಲ್ಲ.

ಎರಡನೆಯದು, ಹಾಸಿಗೆ ಮತ್ತು ಚೌಕಟ್ಟಿನ ನಡುವಿನ ಸಂದು. ಅಲ್ಲಿ ಎರಡು ಬೆರಳು ಸಲೀಸಾಗಿ ಇಳಿದರೆ ಮಗುವಿನ ಮುಖವೂ ಆ ಸಂದಿನಲ್ಲಿ ಸಿಕ್ಕಿಕೊಳ್ಳಬಹುದು. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು. ಒಂದು ವರ್ಷದವರೆಗೆ ಮಗುವಿಗೆ ದಿಂಬು ಬೇಡ; ಸಾಸಿವೆಯ ದಿಂಬೂ ಬೇಡ. ಮಂಚದ ಸುತ್ತ ಕಟ್ಟುವ ಮೆತ್ತೆ, ಬೊಂಬೆ, ದಪ್ಪ ದುಪ್ಪಟಿಗಳೂ ಬೇಡ. ಮಗುವನ್ನು ಅಂಗಾತ ಮಲಗಿಸಬೇಕು.

ಮೂರನೆಯದು, ಮೇಲೆ ಕೆಳಗೆ ಸರಿಯುವ ಪಕ್ಕದ ತಡೆ. ತಾಯಿಯ ಸೌಕರ್ಯಕ್ಕೆಂದು ಮಾಡಿದ ಈ ರಚನೆಯ ಕೊಂಡಿ ಸವೆದಾಗ ತಡೆ ಓರೆಯಾಗಿ, ನಡುವೆ ಕಂಡಿ ಬೀಳುತ್ತದೆ. 2000ದ ನಂತರದ ಹತ್ತು ವರ್ಷಗಳಲ್ಲಿ ಇಂತಹ ಮಂಚಗಳಿಂದ ಕನಿಷ್ಠ 32 ಶಿಶುಗಳು ಸತ್ತವೆಂದು ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಪ್ರಕಟಿಸಿತು. 2011ರ ಜೂನ್‌ನಿಂದ ಅಲ್ಲಿ ಅವುಗಳ ತಯಾರಿಕೆಗೂ ಮಾರಾಟಕ್ಕೂ ನಿಷೇಧ ಬಂದಿತು.

ನಾಲ್ಕನೆಯದು, ಗಾಲಿಯ ವಾಕರ್. ಅದು ಮಗುವಿಗೆ ನಡಿಗೆ ಕಲಿಸುವುದಿಲ್ಲ, ಬದಲಾಗಿ ನಡಿಗೆಯನ್ನು ತಡಮಾಡಬಹುದು. ಒಂದು ಸೆಕೆಂಡಿನಲ್ಲಿ ಮೂರಡಿಗೂ ಹೆಚ್ಚು ದೂರ ಓಡಬಲ್ಲ ಆ ಗಾಡಿಯನ್ನು ಪಕ್ಕದಲ್ಲಿ ಕುಳಿತ ತಾಯಿಯೂ ಹಿಡಿಯಲಾರಳು. ಮೆಟ್ಟಿಲು, ಹೊಸ್ತಿಲು, ಒಲೆ, ಬಿಸಿನೀರಿನ ಹಂಡೆ ಎಲ್ಲವೂ ಮಗುವಿನ ಕೈಗೆಟಕುತ್ತವೆ. ಕೆನಡಾ ದೇಶ 2004ರಲ್ಲಿ ವಾಕರಿನ ಮಾರಾಟ, ಆಮದು, ಜಾಹೀರಾತು ಎಲ್ಲವನ್ನೂ ನಿಷೇಧಿಸಿತು. ಬಳಸಿದ ಹಳೆಯದನ್ನು ಮಾರುವುದಕ್ಕೂ ಅಲ್ಲಿ ಅವಕಾಶವಿಲ್ಲ.

ಐದನೆಯದು, ಬಣ್ಣ. ಹಲ್ಲು ಬರುವ ಮಗು ತೊಟ್ಟಿಲಿನ ಅಂಚನ್ನು ಕಚ್ಚುತ್ತದೆ. ಬಣ್ಣದಲ್ಲಿ ಸೀಸವಿದ್ದರೆ ಅದು ಹೊಟ್ಟೆ ಸೇರಿ ಮಿದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ. ನಮ್ಮ ದೇಶದಲ್ಲಿ ಗೃಹಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಅದಕ್ಕೂ ಹಿಂದೆ ಬಣ್ಣ ಬಳಿದು ಅಟ್ಟದಲ್ಲಿಟ್ಟ ತೊಟ್ಟಿಲಿನಿಂದ ಹೊಪ್ಪಳಿಕೆ ಏಳುತ್ತಿದ್ದರೆ, ಅಜ್ಜನ ಕಾಲದ್ದೆಂಬ ಅಭಿಮಾನದಿಂದ ಅದನ್ನು ಕೆಳಗಿಳಿಸಬೇಡಿ.

ಇವುಗಳೊಂದಿಗೆ ಸೀರೆಯ ಜೋಲಿಯನ್ನೂ ನೆನೆಯಬೇಕು. ತಾಯಿ ಎದುರಿಗಿದ್ದಾಗ ಅದು ಸುಖಕರ. ಹೊರಳಲು ಕಲಿತ ಕೂಸನ್ನು ಅದರಲ್ಲಿ ಒಂಟಿಯಾಗಿ ಬಿಡುವುದಾಗಲಿ, ಆಡುವ ಮಕ್ಕಳು ಅದರೊಳಗೆ ಸುತ್ತಿಕೊಂಡು ತಿರುಗುವುದಾಗಲಿ ಕುತ್ತಿಗೆಗೆ ಉರುಳಾಗಬಲ್ಲದು. ಎತ್ತರದ ಡ್ರಾವರ್ ಕಪಾಟನ್ನು ಗೋಡೆಗೆ ಬಿಗಿಯಬೇಕು. ಮಗು ಡ್ರಾವರುಗಳನ್ನೆಳೆದು ಮೆಟ್ಟಿಲಿನಂತೆ ಹತ್ತಿದರೆ ಕಪಾಟೇ ಮೇಲೆ ಬೀಳುತ್ತದೆ.

ಪೆಟ್ಟಾದಾಗ

ಮಂಚದಿಂದಲೋ ವಾಕರಿನಿಂದಲೋ ಬಿದ್ದ ಮಗು ಮತ್ತೆ ಮತ್ತೆ ವಾಂತಿ ಮಾಡಿದರೆ, ಮಂಕಾಗಿ ತೂಕಡಿಸಿದರೆ, ಎಡೆಬಿಡದೆ ಅತ್ತರೆ, ಫಿಟ್ಸ್ ಬಂದರೆ, ನೆತ್ತಿ ಉಬ್ಬಿದರೆ, ಕಿವಿ ಮೂಗುಗಳಿಂದ ರಕ್ತ ಅಥವಾ ನೀರು ಸೋರಿದರೆ, ಒಡನೆ ಸೌಲಭ್ಯವುಳ್ಳ ಆಸ್ಪತ್ರೆಗೆ ಕೊಂಡೊಯ್ಯಬೇಕು. ಉಸಿರು ಕಟ್ಟಿ ಬಿಡುಗಡೆಯಾದ ಮಗು ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸಬೇಕು. ಲೇಪ, ಕಷಾಯ, ದೃಷ್ಟಿ ತೆಗೆಯುವುದರಲ್ಲಿ ಹೊತ್ತು ಕಳೆಯಬಾರದು. ಆಯುರ್ವೇದವನ್ನೇ ವೃತ್ತಿಯಾಗಿಸಿಕೊಂಡ ನಾನು ಇದನ್ನು ಒತ್ತಿ ಹೇಳುತ್ತೇನೆ.

ಒಂದು ಪ್ರಸಂಗ

ನನ್ನ ಚಿಕಿತ್ಸಾಲಯಕ್ಕೆ ಬರುವ ಕುಟುಂಬವೊಂದರ ಎಂಟು ತಿಂಗಳ ಕೂಸು ಹೊಸ ಕಬ್ಬಿಣದ ಮಂಚದ ಸರಳುಗಳ ನಡುವೆ ಎದೆಯವರೆಗೆ ಜಾರಿತ್ತು. ಪಕ್ಕದಲ್ಲೇ ಜಪಕ್ಕೆ ಕುಳಿತಿದ್ದ ಅಜ್ಜಿ ಎತ್ತಿಕೊಂಡುದರಿಂದ ತೋಳಿನ ಮೇಲಿನ ತರಚುಗಾಯದಲ್ಲಿಯೇ ಮುಗಿಯಿತು. ಮಂಚ ಸೋದರಮಾವನ ಉಡುಗೊರೆ. ಕೇಳಿದರೆ ಮಾವನಿಗೆ ನೋವಾಗುತ್ತದೆ, ಅಂಗಡಿಯವರೂ ಪರಿಚಿತರು ಎಂದು ಮನೆಯವರು ಸುಮ್ಮನಾಗಿದ್ದರು. ಸರಳುಗಳಿಗೆ ಹಗ್ಗ ಹೆಣೆದು ಬಳಸೋಣವೆಂದು ನನ್ನ ಅಭಿಪ್ರಾಯ ಕೇಳಿದರು. ಹಗ್ಗ ಮತ್ತೊಂದು ಅಪಾಯವೆಂದೂ, ಮಂಚವನ್ನು ಹಾಗೆಯೇ ತೆಗೆದಿಟ್ಟು ಬರಹದಲ್ಲಿ ದೂರು ಕೊಡಿರೆಂದೂ ಹೇಳಿದೆ. ಮೊದಲು ‘ಇಷ್ಟು ಮಂಚ ಮಾರಿದ್ದೇವೆ, ಯಾರೂ ಹೀಗೆ ಹೇಳಿಲ್ಲ’ ಎಂದ ಅಂಗಡಿಯವರು ಪತ್ರ ಮತ್ತು ಅಳತೆಯ ಚಿತ್ರ ತಲುಪಿದ ಮೇಲೆ ಹಣ ಹಿಂದಿರುಗಿಸಿದರು.

ಆದರೆ ಕೆಲದಿನಗಳ ನಂತರ ಅದೇ ಮಂಚ ಅದೇ ಅಂಗಡಿಯ ಮುಂದೆ ಮಾರಾಟಕ್ಕೆ ನಿಂತಿತ್ತು. ಅದನ್ನು ಕಂಡ ಅಜ್ಜಿ ತಾವೇ ಒಳಗೆ ಹೋಗಿ, ‘ನಮ್ಮ ಕೂಸು ಉಳೀತು, ಇನ್ನೊಬ್ಬರ ಕೂಸಿನ ಗತಿ ಏನಪ್ಪಾ?’ ಎಂದು ಕೇಳಿದರಂತೆ. ಮಂಚ ಒಳಗೆ ಹೋಯಿತು. ದೂರಿನ ಅರ್ಥ ಆ ತಾಯಿಯ ಪ್ರಶ್ನೆಯಲ್ಲಿದೆ. ಹಣ ಮರಳಿದರೆ ನಮ್ಮ ನಷ್ಟ ತುಂಬುತ್ತದೆ. ವಸ್ತು ಮಾರುಕಟ್ಟೆಯಿಂದ ಹೊರಬಿದ್ದರೆ ಮಾತ್ರ ಅಪಾಯ ನೀಗುತ್ತದೆ.

ದೂರು ಕೊಡುವ ಕ್ರಮ

ದೋಷ ಕಂಡೊಡನೆ ವಸ್ತುವಿನ ಬಳಕೆ ನಿಲ್ಲಿಸಿ. ಅದನ್ನು ಬಿಸಾಡಬೇಡಿ, ಬಡಗಿಯಿಂದ ತಿದ್ದಿಸಲೂ ಬೇಡಿ. ಹಾನಿಯಾದ ಹೊತ್ತಿಗೆ ವಸ್ತುವನ್ನು ಮಾರ್ಪಡಿಸಲಾಗಿತ್ತು ಅಥವಾ ತಪ್ಪಾಗಿ ಬಳಸಲಾಗಿತ್ತು ಎಂದು ತೋರಿಸಿ ಮಾರಾಟಗಾರರು ಹೊಣೆಯಿಂದ ಪಾರಾಗಬಹುದು. ದೋಷದ ಭಾಗವನ್ನು ಟೇಪಿನೊಂದಿಗೆ ಛಾಯಾಚಿತ್ರ ತೆಗೆಯಿರಿ. ರಸೀದಿ, ಪೆಟ್ಟಿಗೆ, ತಯಾರಕರ ಹೆಸರಿನ ಚೀಟಿ, ಜೋಡಣೆಯ ಸೂಚನಾಪತ್ರ ಇವುಗಳನ್ನು ಒಂದೆಡೆ ಇಡಿ. ಮಗುವಿಗೆ ಪೆಟ್ಟಾಗಿದ್ದರೆ ವೈದ್ಯರ ಚೀಟಿಯನ್ನೂ ಖರ್ಚಿನ ರಸೀದಿಗಳನ್ನೂ ಸೇರಿಸಿ.

ಬಳಿಕ ಮಾರಿದವರಿಗೆ ಪತ್ರ ಬರೆಯಿರಿ. ಅದು ಹೀಗಿರಬಹುದು:

‘ಮಾನ್ಯರೇ, ಇಂತಹ ದಿನಾಂಕದಂದು ಇಂತಹ ಸಂಖ್ಯೆಯ ರಸೀದಿಯ ಮೂಲಕ ನಿಮ್ಮ ಅಂಗಡಿಯಿಂದ ಶಿಶುಮಂಚವನ್ನು ಖರೀದಿಸಲಾಗಿದೆ. ಅದರ ಸರಳುಗಳ ನಡುವಿನ ಅಂತರ 9 ಸೆಂಟಿಮೀಟರ್ ಇದ್ದು, ಮಗುವಿನ ದೇಹ ಜಾರಿ ತಲೆ ಸಿಕ್ಕುವಂತಿದೆ. ಚಿತ್ರಗಳನ್ನು ಲಗತ್ತಿಸಿದೆ. ಮಂಚವನ್ನು ಹಿಂಪಡೆದು 15 ದಿನಗಳೊಳಗೆ ಪೂರ್ಣ ಹಣ ಹಿಂದಿರುಗಿಸಬೇಕೆಂದೂ, ಇದೇ ಮಾದರಿಯ ಮಾರಾಟ ನಿಲ್ಲಿಸಿ ತಯಾರಕರಿಗೆ ತಿಳಿಸಬೇಕೆಂದೂ ಕೋರುತ್ತೇವೆ.’

ಕೋಪದ ಮಾತು ಬೇಡ. ಅಳತೆ, ದಿನಾಂಕ, ಬೇಡಿಕೆ ಇಷ್ಟೇ ಸಾಕು. ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ ಪ್ರತಿಯನ್ನು ಇಟ್ಟುಕೊಳ್ಳಿ. ಅಂತರ್ಜಾಲದ ಮಾರಾಟ ತಾಣದಿಂದ ಕೊಂಡಿದ್ದರೆ ಅಲ್ಲಿನ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ನಿಯಮಗಳಂತೆ ಅವರು 48 ಗಂಟೆಗಳಲ್ಲಿ ದೂರು ತಲುಪಿದುದನ್ನು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

ಕಾನೂನು ಏನನ್ನು ಹೇಳುತ್ತದೆ?

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದಿತು. ಕೊಂಡವರಷ್ಟೇ ಅಲ್ಲ, ಅವರ ಒಪ್ಪಿಗೆಯಿಂದ ವಸ್ತುವನ್ನು ಬಳಸುವವರೂ ಅದರ ಪ್ರಕಾರ ಗ್ರಾಹಕರೇ. ಆದ್ದರಿಂದ ಉಡುಗೊರೆಯ ತೊಟ್ಟಿಲಿನ ಕುರಿತೂ ನೀವು ದೂರು ಕೊಡಬಹುದು. ರಸೀದಿಯನ್ನು ತವರಿನವರಿಂದ ಕೇಳಿ ಪಡೆಯಲು ಸಂಕೋಚ ಬೇಡ. ‘ಮಾರಿದ ವಸ್ತು ಹಿಂಪಡೆಯಲಾಗದು’ ಎಂದು ರಸೀದಿಯಲ್ಲಿ ಅಚ್ಚಾಗಿರುವುದನ್ನು ಕಂಡು ಎದೆಗುಂದಬೇಡಿ. ದೋಷವುಳ್ಳ ವಸ್ತುವನ್ನು ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದರೆ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎನಿಸುತ್ತದೆ. ರಸೀದಿಯನ್ನೇ ಕೊಡದಿರುವುದೂ ಅನುಚಿತವೇ. ದೋಷದಿಂದ ಮಗುವಿಗೆ ಹಾನಿಯಾಗಿದ್ದರೆ ತಯಾರಕರಿಂದ ಪರಿಹಾರ ಕೇಳಲು ಇದೇ ಕಾಯ್ದೆಯಲ್ಲಿ ಪ್ರತ್ಯೇಕ ಅಧ್ಯಾಯವಿದೆ. ಬಳಕೆಯ ಸೂಚನೆ, ಎಚ್ಚರಿಕೆಗಳನ್ನು ಸರಿಯಾಗಿ ಕೊಡದ ತಯಾರಕರೂ ಹೊಣೆಗಾರರು.

ಅಂಗಡಿಯವರು ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಮಾರಿದವರು ಬೇರೆ ಊರಿನಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ವಸ್ತುವಿಗೆ ತೆತ್ತ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂಬ ನಿಯಮವಿಲ್ಲ. ದೂರಿಗೆ ಕಾರಣವಾದ ಘಟನೆಯಿಂದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಇ-ಜಾಗೃತಿ ತಾಣದ ಮೂಲಕ ಮನೆಯಿಂದಲೇ ಸಲ್ಲಿಸಲೂ ಅವಕಾಶವಿದೆ. ಒಂದೇ ಮಾದರಿಯ ವಸ್ತು ಅನೇಕ ಮನೆಗಳಿಗೆ ಅಪಾಯವೆನಿಸಿದರೆ ಜಿಲ್ಲಾಧಿಕಾರಿಗಳಿಗೆ ಅಥವಾ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಬರೆಯಬಹುದು. ಅಪಾಯಕಾರಿ ವಸ್ತುವನ್ನು ಮಾರುಕಟ್ಟೆಯಿಂದ ಹಿಂಪಡೆಯುವಂತೆ ಆದೇಶಿಸುವ ಅಧಿಕಾರ ಆ ಪ್ರಾಧಿಕಾರಕ್ಕಿದೆ.

ದಾನದ ವಿವೇಕ

ಕೊನೆಯದಾಗಿ ಒಂದು ವಿನಂತಿ. ನಮ್ಮ ಮಗುವಿಗೆ ಬೇಡವಾದ ವಾಕರನ್ನು ಮನೆಗೆಲಸದಾಕೆಗೆ ಕೊಡುವುದು, ಕೊಂಡಿ ಸಡಿಲವಾದ ಮಂಚವನ್ನು ಬಡ ನೆಂಟರಿಗೋ ಅಂಗನವಾಡಿಗೋ ಕೊಟ್ಟು ಪುಣ್ಯವೆಂದು ತಿಳಿಯುವುದು ಸಲ್ಲದು. ಅದು ದಾನವಲ್ಲ, ಅಪಾಯವನ್ನು ಮತ್ತೊಬ್ಬರ ಮನೆಗೆ ಸಾಗಿಸುವುದಷ್ಟೆ. ದೂರು ಇತ್ಯರ್ಥವಾದ ಮೇಲೆ, ವಸ್ತು ನಿಮ್ಮಲ್ಲಿಯೇ ಉಳಿದಿದ್ದರೆ, ಮತ್ತೆ ಜೋಡಿಸಲಾಗದಂತೆ ಬಿಚ್ಚಿ ಗುಜರಿಗೆ ಹಾಕಿ. ಬಡಗಿಯಾಗಲಿ ವ್ಯಾಪಾರಿಯಾಗಲಿ ತನ್ನ ಕಾಯಕದಲ್ಲಿ ಶುದ್ಧನಾಗಿದ್ದರೆ ನಿಮ್ಮ ಪತ್ರವನ್ನು ಹಗೆತನವೆಂದು ಎಣಿಸಲಾರ. ತನ್ನ ಕೆಲಸ ತಿದ್ದಿಕೊಳ್ಳಲು ಸಿಕ್ಕ ಅವಕಾಶವೆಂದೇ ಬಗೆಯುತ್ತಾನೆ. ಇಂದು ರಾತ್ರಿ ಮಗುವನ್ನು ಮಲಗಿಸುವ ಮುನ್ನ ತೊಟ್ಟಿಲನ್ನೊಮ್ಮೆ ಅಲುಗಾಡಿಸಿ, ಸರಳುಗಳ ಅಂತರ ಅಳೆದು, ಕೊಂಡಿಗಳನ್ನು ಮುಟ್ಟಿ ನೋಡಿ. ಅದಕ್ಕೆ ಐದು ನಿಮಿಷ ಸಾಕು.