ಕುಳಿತಲ್ಲಿ ಕೂರದ ಮಗುವಿಗೆ ಆಕ್ಯುಪೇಷನಲ್ ಥೆರಪಿಯ ನೆರವು



ಹಾಲು ಕರೆಯುವ ಹೊತ್ತಿನಲ್ಲಿ ಗಲಾಟೆಯಾದರೆ ಹಸು ಬೆದರಿ ಹಾಲನ್ನು ಪೂರ್ತಿ ಇಳಿಸುವುದಿಲ್ಲ. ಆಗ ನೀವು ಮೊದಲು ಗಲಾಟೆ ನಿಲ್ಲಿಸುತ್ತೀರಿ. ಮಕ್ಕಳ ವಿಷಯದಲ್ಲೂ ಇದೇ ತಿಳಿವಳಿಕೆ ಬೇಕು.

ಕೆಲವು ಮಕ್ಕಳು ಕುಳಿತಲ್ಲಿ ಕೂರುವುದಿಲ್ಲ, ಸಣ್ಣ ಮಾತಿಗೂ ರೇಗುತ್ತಾರೆ, ಸದ್ದಾದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ಪಾಠದ ಕಡೆ ಗಮನ ನಿಲ್ಲದು. ಇದನ್ನು ಹಠವೆಂದು ದಂಡಿಸುವುದು ಸರಿಯಲ್ಲ. ಕಣ್ಣು, ಕಿವಿ, ಚರ್ಮ, ಕೀಲುಗಳಿಂದ ಬರುವ ಸಂದೇಶಗಳನ್ನು ಹೊಂದಿಸಿಕೊಳ್ಳಲು ಮಿದುಳು ಕಷ್ಟಪಡುವುದೂ ಕಾರಣವಿರಬಹುದು. ಅಮೆರಿಕದ ಜೀನ್ ಏರ್ಸ್ 1972ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿದರು.

ಉಡುವುದು, ಉಣ್ಣುವುದು, ಬರೆಯುವುದು, ಆಡುವುದು ಮುಂತಾದ ನಿತ್ಯದ ಕೆಲಸಗಳನ್ನು ಮಗು ತಾನೇ ಮಾಡುವಂತೆ ನೀಡುವ ತರಬೇತಿಯೇ ಆಕ್ಯುಪೇಷನಲ್ ಥೆರಪಿ. ಮಗು ಯಾವಾಗ, ಏಕೆ ಕೆರಳುತ್ತದೆಂದು ತಜ್ಞರು ಗಮನಿಸಿ, ತಕ್ಕ ಆಟ, ಚಟುವಟಿಕೆ, ದಿನಚರಿ ಗೊತ್ತುಮಾಡುತ್ತಾರೆ. ಇದು ಒಂದೆರಡು ದಿನದಲ್ಲಿ ಫಲ ಕೊಡುವಂಥದಲ್ಲ, ತಾಳ್ಮೆ ಬೇಕು.

ಮನೆಯಲ್ಲಿ ನೀವು ಮಾಡಬಹುದಾದದ್ದು:

1. ಊಟ, ಓದು, ನಿದ್ರೆಗೆ ನಿಗದಿತ ವೇಳೆ ಇರಲಿ.
2. ಒಂದು ಬಾರಿಗೆ ಒಂದೇ ಕೆಲಸ ಹೇಳಿ.
3. ಓದಿಗೆ ಮುನ್ನ ಓಟ, ಜೋಕಾಲಿ, ಚಿಕ್ಕ ಬಿಂದಿಗೆಯಲ್ಲಿ ನೀರು ತರುವ ಕೆಲಸ ಇರಲಿ.
4. ಓದುವಾಗ ಟಿ.ವಿ., ಮೊಬೈಲ್ ಬಂದ್ ಮಾಡಿ.
5. ರೇಗಿದಾಗ ಸದ್ದಿಲ್ಲದ ಜಾಗಕ್ಕೆ ಕರೆದೊಯ್ಯಿರಿ, ಬುದ್ಧಿಮಾತು ಆಮೇಲೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ತಪಾಸಣೆ ಉಚಿತ. ಆಶಾ ಕಾರ್ಯಕರ್ತೆಯನ್ನೋ ಜಿಲ್ಲಾ ಆಸ್ಪತ್ರೆಯನ್ನೋ ವಿಚಾರಿಸಿ. ದೃಷ್ಟಿ, ಶ್ರವಣ ಪರೀಕ್ಷೆಯನ್ನೂ ಮಾಡಿಸಿ.

ಕರು ಸೊರಗಿದರೆ ಅಂದೇ ಡಾಕ್ಟರಿಗೆ ಹೇಳಿ ಕಳಿಸುವ ನಾವು, ಮಗುವಿನ ವಿಷಯದಲ್ಲಿ ವರ್ಷಗಟ್ಟಲೆ ಕಾಯಬಾರದು.