ಒಡೆಯಿತೋ, ಒಡೆದೆಯೋ?

ಹೊನ್ನಾಳಿಯಲ್ಲಿ ನನ್ನ ಅಕ್ಕನ ಮನೆ. ಬೇಸಿಗೆಯ ರಜೆಗೆಂದು ಬಂದ ಮೊಮ್ಮಕ್ಕಳು ಮನೆತುಂಬ ಇದ್ದರು. ಒಂದು ಮಧ್ಯಾಹ್ನ ಅಡುಗೆಮನೆಯಿಂದ ಫಳ್ಳೆಂದು ಸದ್ದು ಕೇಳಿಸಿತು. ಹಿಂದೆಯೇ ಏಳು ವರ್ಷದ ಹುಡುಗನೊಬ್ಬ ಬಾಗಿಲಲ್ಲಿ ಬಂದು ನಿಂತು, “ಅಜ್ಜಿ, ಗಾಜಿನ ಲೋಟ ಒಡೀತು” ಎಂದ. ಹುಣಿಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದ ಅಕ್ಕ ತಲೆಯೆತ್ತಲಿಲ್ಲ.

“ತಾನಾಗಿ ಒಡೀತೋ, ನೀನು ಒಡೆದ್ಯೋ?”

ಹುಡುಗ ಸ್ವಲ್ಪ ಹೊತ್ತು ಯೋಚಿಸಿದ. “ಕೈ ಜಾರ್ತು” ಎಂದ.

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿದ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಹುಡುಗ ಪೆಟ್ಟಿನಿಂದ ಪಾರಾದ. ನನಗೆ ಮಾತ್ರ ಆ ಮೂರು ಮಾತುಗಳು ಸಂಜೆಯವರೆಗೂ ತಲೆಯಲ್ಲಿ ಸುತ್ತುತ್ತಿದ್ದವು. ‘ಲೋಟ ಒಡೆಯಿತು’ ಎಂದರೆ ಲೋಟವೇ ಕರ್ತೃ. ಆದ ಸಂಗತಿಗೆ ಯಾರೂ ಹೊಣೆಯಲ್ಲ. ‘ಲೋಟ ಒಡೆದೆ’ ಎಂದರೆ ಕರ್ತೃ ನಾನು, ಲೋಟ ಕರ್ಮ. ಧಾತು ಮಾತ್ರ ಒಂದೇ. ಮುರಿ, ಹರಿ ಎಂಬ ಧಾತುಗಳೂ ಹೀಗೆಯೇ ಎರಡು ಕಡೆಗೂ ಸಲ್ಲುತ್ತವೆ: ಕೋಲು ಮುರಿಯುತ್ತದೆ, ಕೋಲನ್ನು ಮುರಿಯುತ್ತಾರೆ. ‘ಕೈ ಜಾರಿತು’ ಎಂಬುದಾದರೋ ಇನ್ನೂ ಚತುರವಾದ ದಾರಿ. ಮಾಡಿದವನು ಇದ್ದಾನೆ, ಆದರೆ ಮಾಡಿದ್ದು ಅವನಲ್ಲ, ಅವನ ಕೈ!

ಅಕ್ಕ ಹುಡುಗನಿಗೆ ಹಾಕಿದ ಪ್ರಶ್ನೆಯನ್ನೇ ಕಥೆ ಕಾದಂಬರಿಗಳಿಗೆ ಹಾಕುವ ಒಂದು ಶಾಸ್ತ್ರವಿದೆ. ಅದನ್ನು ಕಟ್ಟಿದವರಲ್ಲಿ ಮುಖ್ಯರು ಎಂ. ಎ. ಕೆ. ಹ್ಯಾಲಿಡೆ (1925–2018). ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಹುಟ್ಟಿ, ಚೀನೀ ಭಾಷೆಯನ್ನು ಅಭ್ಯಾಸಮಾಡಿ, ಕಡೆಗೆ ಆಸ್ಟ್ರೇಲಿಯದ ಸಿಡ್ನಿಯಲ್ಲಿ ನೆಲೆಸಿದ ವಿದ್ವಾಂಸರು ಅವರು. ವ್ಯಾಕರಣವೆಂದರೆ ಸರಿ ತಪ್ಪುಗಳ ಕಟ್ಟಳೆಯಲ್ಲ. ಮನುಷ್ಯನು ತನ್ನ ಅನುಭವವನ್ನು ವಿಂಗಡಿಸಿಕೊಳ್ಳುವ ಉಪಕರಣ ಎಂಬುದು ಅವರ ನಿಲುವು. ಆದ್ದರಿಂದ ಅವರು ಕ್ರಿಯಾಪದದ ಪ್ರತ್ಯಯಗಳಿಗಿಂತ ಹೆಚ್ಚಾಗಿ ಅದು ಯಾವ ಬಗೆಯ ವ್ಯಾಪಾರವನ್ನು ಹೇಳುತ್ತದೆ ಎಂಬುದನ್ನು ನೋಡಿದರು. 1985ರಲ್ಲಿ ಹೊರಬಂದ ಅವರ ವ್ಯಾಕರಣಗ್ರಂಥದಲ್ಲಿ ಇಂಥ ಬಗೆಗಳು ಆರು.

ಅಡುಗೆಮನೆಯನ್ನು ಬಿಟ್ಟು ಹೊರಗೆ ಹೋಗದೆಯೇ ಆರನ್ನೂ ತೋರಿಸಬಹುದು. ಅಕ್ಕ ತೆಂಗಿನಕಾಯಿ ತುರಿದಳು: ಇದು ಮಾಡುವ ಕ್ರಿಯೆ. ಅವಳಿಗೆ ಉಪ್ಪು ಕಡಮೆ ಎನಿಸಿತು: ಇದು ಮನಸ್ಸಿನದು. ಅವಳು ಕೆಮ್ಮಿದಳು, ನಕ್ಕಳು: ಇದು ಮೈಗೂ ಮನಸ್ಸಿಗೂ ನಡುವಿನ ವರ್ತನೆ. ‘ಊಟಕ್ಕೆ ಬನ್ನಿ’ ಎಂದಳು: ಇದು ನುಡಿಯುವುದು. ಸಾರು ಖಾರ: ಇದು ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಕಟ್ಟುವುದು. ಮೂಲೆಯಲ್ಲಿ ಬೆಕ್ಕು ಇದೆ: ಇದು ಬರಿಯ ಇರುವಿಕೆ.

ಆರು ಎಂಬ ಸಂಖ್ಯೆಯನ್ನು ಕೇಳಿದೊಡನೆ ನಮ್ಮ ಹಿರಿಯರಿಗೆ ಷಡ್ಭಾವವಿಕಾರಗಳು ನೆನಪಾಗುತ್ತವೆ. ಹುಟ್ಟುವುದು, ಇರುವುದು, ಮಾರ್ಪಡುವುದು, ಬೆಳೆಯುವುದು, ಕ್ಷೀಣಿಸುವುದು, ನಾಶವಾಗುವುದು ಎಂದು ವಾರ್ಷ್ಯಾಯಣಿಯು ಹೇಳಿದ ಆರು ಭಾವವಿಕಾರಗಳನ್ನು ಯಾಸ್ಕನು ನಿರುಕ್ತದಲ್ಲಿ ಉಲ್ಲೇಖಿಸಿದ್ದಾನೆ. ಕ್ರಿಯೆಯ ಸ್ವರೂಪವನ್ನು ಕುರಿತ ಯೋಚನೆ ನಮ್ಮಲ್ಲಿ ಹಳೆಯದು, ನಿಜ. ಆದರೆ ಎಲ್ಲವೂ ನಮ್ಮಲ್ಲಿಯೇ ಇತ್ತೆಂದು ಬೀಗುವ ಚಪಲ ಬೇಡ. ಎರಡು ಪಟ್ಟಿಗಳಿಗೂ ಸಂಖ್ಯೆಯೊಂದೇ ಸಮಾನ.

ನಮ್ಮದು ಎಂದು ಹೇಳಿಕೊಳ್ಳಬಹುದಾದದ್ದು ಬೇರೆಯಿದೆ. ಇಂಗ್ಲಿಷಿನಲ್ಲಿ ಓಡುವವನೂ ‘ನಾನು’, ಹಸಿದವನೂ ‘ನಾನು’. ಕನ್ನಡದಲ್ಲಿ ಹಾಗಲ್ಲ. ನಾನು ಓಡಿದೆ, ಆದರೆ ನನಗೆ ಹಸಿವಾಯಿತು, ನನಗೆ ಕೋಪ ಬಂತು, ನನಗೆ ಗೊತ್ತು, ನನಗೆ ಬೇಕು. ಮನಸ್ಸಿಗೂ ಒಡಲಿಗೂ ಸೇರಿದ ಎಷ್ಟೋ ಸಂಗತಿಗಳಲ್ಲಿ ‘ನಾನು’ ಚತುರ್ಥೀ ವಿಭಕ್ತಿಗೆ ಸರಿದುಬಿಡುತ್ತದೆ. ಕೋಪವೇ ಕರ್ತೃವಾಗಿ ಮನೆಗೆ ಬಂದ ನೆಂಟನಂತೆ ಬರುತ್ತದೆ. ನಾನು ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುವವನು ಮಾತ್ರ. ಈ ಚತುರ್ಥಿಯ ‘ನನಗೆ’ಯನ್ನು ಕರ್ತೃವೆಂದು ಕರೆಯಬಹುದೇ ಎಂಬ ಜಿಜ್ಞಾಸೆಯನ್ನು ಎಸ್. ಎನ್. ಶ್ರೀಧರ್ ಅವರು 1979ರ ಒಂದು ಪ್ರಬಂಧದಲ್ಲಿ ಕನ್ನಡದ ಉದಾಹರಣೆಗಳಿಂದಲೇ ನಡೆಸಿದರು. ಹಾಗೆಯೇ ‘ಅಲ್ಲ’ ಮತ್ತು ‘ಇಲ್ಲ’. ‘ಅವನು ಮೇಷ್ಟ್ರಲ್ಲ’ ಎಂಬುದು ಸಂಬಂಧದ ನಿಷೇಧ. ‘ಮೇಷ್ಟ್ರು ಇಲ್ಲ’ ಎಂಬುದು ಇರುವಿಕೆಯ ನಿಷೇಧ. ಬೇರೆಯವರು ಪುಸ್ತಕ ಬರೆದು ಬೇರ್ಪಡಿಸಿದ ಎರಡು ಬಗೆಗಳನ್ನು ನಮ್ಮ ಮಕ್ಕಳು ಮೂರನೆಯ ವರ್ಷಕ್ಕೆಲ್ಲ ಬೇರ್ಪಡಿಸಿ ಆಡುತ್ತಾರೆ.

ಇಲ್ಲಿ ಕಥೆಗಾರನಿಗೆ ಒಂದು ಆಯ್ಕೆ ಉಂಟು. ‘ಅವನು ಸಿಟ್ಟಾದನು’ ಎಂದೂ ಬರೆಯಬಹುದು, ‘ಅವನಿಗೆ ಸಿಟ್ಟು ಬಂತು’ ಎಂದೂ ಬರೆಯಬಹುದು. ಒಂದು ವಾಕ್ಯದಲ್ಲಿ ಇದು ಅಲ್ಪ ಭೇದ. ಇನ್ನೂರು ಪುಟಗಳುದ್ದಕ್ಕೂ ಒಂದೇ ಕಡೆಗೆ ವಾಲಿದರೆ ಪಾತ್ರದ ಸ್ವಭಾವವೇ ಬೇರೆಯಾಗುತ್ತದೆ.

ಹ್ಯಾಲಿಡೆಯವರು ಇದನ್ನು ತೋರಿಸಿದ್ದು 1971ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ. ಆರಿಸಿಕೊಂಡದ್ದು ವಿಲಿಯಂ ಗೋಲ್ಡಿಂಗರ 1955ರ ಕಾದಂಬರಿ ‘ದಿ ಇನ್‌ಹೆರಿಟರ್ಸ್’. ಅದರ ನಾಯಕ ಲಾಕ್ ನಿಯಾಂಡರ್ತಾಲ್ ಕುಲದ ಆದಿಮಾನವ. ಹೊಳೆಯಾಚೆಯಿಂದ ಹೊಸ ಜಾತಿಯ ಮನುಷ್ಯನೊಬ್ಬ ಅವನತ್ತ ಬಾಣ ಬಿಡುತ್ತಾನೆ. ಲಾಕ್‌ಗೆ ಬಿಲ್ಲು ಗೊತ್ತಿಲ್ಲ, ಗುರಿ ಗೊತ್ತಿಲ್ಲ, ಕೊಲ್ಲುವ ಹವಣಂತೂ ಗೊತ್ತೇ ಇಲ್ಲ. ಅವನಿಗೆ ಕಾಣುವುದು ಒಂದು ಕಡ್ಡಿ ಗಿಡ್ಡವಾಗಿ ಮತ್ತೆ ಉದ್ದವಾದದ್ದು. ಕೇಳಿಸುವುದು ಪಕ್ಕದ ಮರದಲ್ಲಿ ಹುಟ್ಟಿದ ಸದ್ದು. ಹ್ಯಾಲಿಡೆ ವಾಕ್ಯ ವಾಕ್ಯವನ್ನೂ ಎಣಿಸಿದರು. ಲಾಕ್‌ನ ಭಾಗದಲ್ಲಿ ಜನರು ನಡೆಯುತ್ತಾರೆ, ಹೊರಳುತ್ತಾರೆ, ನೋಡುತ್ತಾರೆ. ಆದರೆ ಅವರ ಕ್ರಿಯೆ ಇನ್ನೊಂದು ವಸ್ತುವನ್ನು ಹೋಗಿ ತಟ್ಟುವುದು ಬಹಳ ಅಪರೂಪ. ಅನೇಕ ಕಡೆ ಕರ್ತೃಸ್ಥಾನದಲ್ಲಿ ಮನುಷ್ಯನೇ ಇಲ್ಲ. ಮೂಗಿದೆ, ಕಾಲಿದೆ, ಕೋಲಿದೆ. ಕಡೆಯ ಭಾಗದಲ್ಲಿ ಹೊಸ ಜನರ ಕಣ್ಣಿನಿಂದ ಕಥೆ ಸಾಗುವಾಗ ಸಕರ್ಮಕ ಕ್ರಿಯಾಪದಗಳು ಮೇಲೇಳುತ್ತವೆ: ಅವರು ಹಿಡಿಯುತ್ತಾರೆ, ಎಳೆಯುತ್ತಾರೆ, ಕಡಿಯುತ್ತಾರೆ. ಒಂದು ಕುಲ ಅಳಿದು ಇನ್ನೊಂದು ಉಳಿದ ಕಥೆಯನ್ನು ವ್ಯಾಕರಣವೇ ಹೇಳಿತೆಂದರೆ ತಪ್ಪಲ್ಲ.

ಆಕ್ಷೇಪವೂ ಬಂತು. ಎಣಿಕೆಯಿಂದ ಅರ್ಥ ಹುಟ್ಟುವುದಿಲ್ಲ, ಮೊದಲೇ ಮನಸ್ಸಿನಲ್ಲಿದ್ದ ಅರ್ಥವನ್ನು ವಿಮರ್ಶಕ ಎಣಿಕೆಗೆ ಅಂಟಿಸುತ್ತಾನೆ ಎಂದು ಅಮೆರಿಕದ ಸ್ಟ್ಯಾನ್ಲಿ ಫಿಶ್ 1973ರಲ್ಲಿ ಬರೆದರು. ಮಾತಿನಲ್ಲಿ ಹುರುಳಿದೆ. ಕರ್ತೃ ಇಲ್ಲದ ವಾಕ್ಯವೆಲ್ಲ ಕಳ್ಳ ವಾಕ್ಯವಲ್ಲ. ‘ಮಳೆ ಬಂತು’ ಎಂಬುದರಲ್ಲಿ ಯಾವ ಪಿತೂರಿಯೂ ಇಲ್ಲ. ಎಣಿಕೆ ದೀಪವಷ್ಟೆ, ನೋಡುವ ಕಣ್ಣು ನಮ್ಮದೇ ಇರಬೇಕು.

ಆ ಸಂಜೆ ಅಕ್ಕನೂ ನಾನೂ ಹೊಳೆಯ ಕಡೆಗೆ ಹೋಗಿದ್ದೆವು. ಹೊನ್ನಾಳಿಯಲ್ಲಿ ಹರಿಯುವುದು ತುಂಗಭದ್ರೆ. ಕೂಡ್ಲಿಯಲ್ಲಿ ಭದ್ರೆಯನ್ನು ಸೇರುವ ಮೊದಲು ತುಂಗೆ ತೀರ್ಥಹಳ್ಳಿಯನ್ನು ಹಾದು ಬರುತ್ತದೆ. ಮಾತು ಆ ನೀರಿನ ಜಾಡು ಹಿಡಿದು ತೀರ್ಥಹಳ್ಳಿಯ ಸೀಮೆಗೂ, ಮೇಳಿಗೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ಕ್ಕೂ ಹೋಯಿತು. ಅವರು ಬರ್ಮಿಂಗ್‌ಹ್ಯಾಮಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಬರೆದ ಆ ಕಾದಂಬರಿಯನ್ನು 1965ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿತು. ಅದನ್ನು ಕುರಿತ ಜಗಳಗಳು ಹಳೆಯವು. ಅಕ್ಕ ಮಾತ್ರ ಹೊಸದೊಂದು ಪ್ರಶ್ನೆ ಕೇಳಿದಳು: “ಅದರಲ್ಲಿ ಕೆಲಸ ಮಾಡುವವರು ಯಾರು, ಹೇಳು ನೋಡೋಣ?”

ಯೋಚಿಸಿದಷ್ಟೂ ಪ್ರಶ್ನೆ ಆಳವಾಯಿತು. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಆಗಬೇಕಾದ ಕೆಲಸ ಒಂದೇ: ಹೆಣವನ್ನು ಸುಡಬೇಕು. ಅದು ಆಗುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಬ್ರಾಹ್ಮಣರು ಮಾತನಾಡುತ್ತಾರೆ, ಕೇಳುತ್ತಾರೆ, ಪಾರಿಜಾತಪುರಕ್ಕೂ ಮಠಕ್ಕೂ ಹೋಗಿ ಮತ್ತೆ ಕೇಳುತ್ತಾರೆ: ಎಲ್ಲವೂ ನುಡಿಯುವ ಕ್ರಿಯೆಗಳು. ಅವರಿಗೆ ಹಸಿವಾಗುತ್ತದೆ, ಚಂದ್ರಿ ಬಿಚ್ಚಿಟ್ಟ ಚಿನ್ನವನ್ನು ಕಂಡು ಅವರಿಗೆ ಆಸೆಯಾಗುತ್ತದೆ: ಎಲ್ಲವೂ ಚತುರ್ಥಿಯವು. ಮಾಡುವ ಕ್ರಿಯೆಯೆಂದು ಕಣ್ಣಿಗೆ ಬೀಳುವುದು ಶಂಖ ಜಾಗಟೆ ಬಾರಿಸಿ ಮನೆಯ ಮೇಲೆ ಕುಳಿತ ಹದ್ದುಗಳನ್ನು ಓಡಿಸಿದ್ದು. ಪ್ರಾಣೇಶಾಚಾರ್ಯರು ಗ್ರಂಥಗಳನ್ನು ನೋಡುತ್ತಾರೆ, ಚಿಂತಿಸುತ್ತಾರೆ, ಮಾರುತಿಯ ಗುಡಿಯಲ್ಲಿ ದೇವರ ಅಪ್ಪಣೆಗಾಗಿ ದಿನವೆಲ್ಲ ಕಾಯುತ್ತಾರೆ. ಕಾಯುವುದು ಎಂಥ ಕ್ರಿಯೆ? ಮೈ ಅಲ್ಲಿದೆ, ಮನಸ್ಸು ಅಲ್ಲಿದೆ, ಏನೂ ಬದಲಾಗುವುದಿಲ್ಲ.

ಹಾಗಾದರೆ ಹೆಣವನ್ನು ಸುಟ್ಟವರು ಯಾರು? ಚಂದ್ರಿ. ಯಾರಿಗೂ ಕರ್ತೃವಾಗಿ ಕಾಣದಿದ್ದ, ಇಟ್ಟುಕೊಂಡವಳು ಎಂಬ ಸಂಬಂಧಪದದಲ್ಲಿಯೇ ಮುಗಿದುಹೋಗಿದ್ದ ಹೆಂಗಸು. ರಾತ್ರಿಯ ವೇಳೆ ಹೋಗಿ, ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯ ನೆರವು ಪಡೆದು, ಗಾಡಿಯಲ್ಲಿ ಸಾಗಿಸಿ ಸುಡಿಸಿ, ಊರು ಬಿಟ್ಟಳು. ಆ ಸಂಗತಿ ಅಗ್ರಹಾರದವರಿಗೆ ತಿಳಿಯದು. ಅವರ ಪ್ರಶ್ನೆ ಮುಗಿದುಹೋದ ಮೇಲೂ ಅವರು ಪ್ರಶ್ನೆ ಕೇಳುತ್ತಲೇ ಇರುತ್ತಾರೆ! ‘ಸಂಸ್ಕಾರ’ ಎಂಬ ಶಬ್ದದಲ್ಲಿಯೇ ‘ಕೃ’ ಎಂಬ ಧಾತುವಿದೆ. ಮಾಡುವುದು ಎಂದು ಅದರ ಅರ್ಥ. ಕ್ರಿಯೆ ನಾಮಪದವಾಗಿ ಹೆಪ್ಪುಗಟ್ಟಿತೆಂದರೆ ಮಾಡುವವನನ್ನು ಹೇಳಲೇಬೇಕಾದ ಕಟ್ಟಳೆ ತಪ್ಪುತ್ತದೆ. ಆ ತೆರವಾದ ಜಾಗದಲ್ಲಿ ಇಡೀ ಅಗ್ರಹಾರ ಕುಳಿತು ಚರ್ಚೆ ಮಾಡುತ್ತದೆ.

ಆಚಾರ್ಯರ ಸಂಕಟವಂತೂ ನಮ್ಮ ಹುಡುಗನ ಲೋಟದ್ದೇ. ಗುಡಿಯಿಂದ ಮರಳುವ ಕತ್ತಲೆಯಲ್ಲಿ ಚಂದ್ರಿಯ ಸಂಗವಾಯಿತು. ಅದನ್ನು ತಾನು ಮಾಡಿದೆನೋ, ಅದು ತನಗೆ ಆಯಿತೋ? ತಾನು ಬಯಸದೆ ಬಂದದ್ದಕ್ಕೆ ತಾನೆಷ್ಟು ಹೊಣೆ? ‘ಆಯಿತು’ ಎಂದರೆ ಪಾಪ ಕಳೆಯಬಹುದು; ಆದರೆ ಬಾಳಿನಲ್ಲಿ ಮೊದಲ ಸಲ ನಿಜವಾಗಿ ನಡೆದದ್ದು ತನ್ನದಲ್ಲದೆ ಹೋಗುತ್ತದೆ. ‘ಮಾಡಿದೆ’ ಎಂದರೆ ಆಚಾರ್ಯತ್ವ ಹೋಗುತ್ತದೆ. ಹೆಂಡತಿಯ ಶವವನ್ನು ಸುಟ್ಟು ಹೊರಟ ಮೇಲೆ ಅವರು ಅಲೆಯುವುದೆಲ್ಲ ಈ ಎರಡು ಕ್ರಿಯಾಪದಗಳ ನಡುವೆ. ಕಡೆಗೆ ಗಾಡಿಯಲ್ಲಿ ಊರ ಕಡೆಗೆ ಹೊರಟವರನ್ನು ಲೇಖಕರು ಅಲ್ಲಿಯೇ ಬಿಟ್ಟುಬಿಡುತ್ತಾರೆ. ಊರು ತಲುಪಿ ಅವರು ಯಾವ ವಾಕ್ಯ ನುಡಿದರೆಂಬುದು ನಮಗೆ ಕೇಳಿಸುವುದಿಲ್ಲ. ಅದು ಕೊರತೆಯೆಂದು ಕೆಲವರ ಮತ, ನನಗೆ ಹಾಗೆನಿಸಿಲ್ಲ.

“ಸರಿ, ನಮ್ಮ ಮನೆಯ ಕಥೆ?” ಎಂದಳು ಅಕ್ಕ. “‘ಅಡುಗೆ ಆಯಿತೇ’ ಎಂದು ನಿಮ್ಮ ಭಾವ ನಲವತ್ತು ವರ್ಷ ಕೇಳಿದರು. ‘ಆಯಿತು’ ಎಂದು ನಾನೂ ಹೇಳಿದೆ. ಒಂದು ದಿನವಾದರೂ ಅದು ತಾನಾಗಿ ಆಗಿದ್ದರೆ ಕೇಳು.” ನಾನು ಸರ್ಕಾರಿ ಕಾಗದಗಳ ಮಾತು ತೆಗೆದೆ. ‘ಅರ್ಜಿಯನ್ನು ತಿರಸ್ಕರಿಸಲಾಗಿದೆ’ ಎಂದಿರುತ್ತದೆ. ತಿರಸ್ಕರಿಸಿದ ಮಹಾನುಭಾವನನ್ನು ಯಾವ ಕಿಟಕಿಯಲ್ಲಿ ಹುಡುಕುವುದು? ಅಕ್ಕ ನಗಲಿಲ್ಲ. ಅವಳ ಮನಸ್ಸು ಬೇರೆಲ್ಲಿಯೋ ಇತ್ತು.

ಮನೆಗೆ ಬಂದ ಮೇಲೆ ನಾನು ಜೊತೆಗೆ ತಂದಿದ್ದ ಒಂದು ಕಟ್ಟನ್ನು ಬಿಚ್ಚಿದೆ. ನಾನು ಮೈಸೂರಿನಲ್ಲಿ ಓದುತ್ತಿದ್ದಾಗ ಅಮ್ಮ ಹೊನ್ನಾಳಿಯಿಂದ ಬರೆದ ಕಾಗದಗಳು ಅವು. ಕಥೆಗಳ ಮೇಲೆ ಗೀಟು ಹಾಕಿದ ಕೆಂಪು ಪೆನ್ಸಿಲನ್ನೇ ಹಿಡಿದು, ಅಮ್ಮ ಕರ್ತೃವಾಗಿರುವ ಕ್ರಿಯಾಪದಗಳನ್ನು ಹುಡುಕುತ್ತ ಹೋದೆ. ಮಳೆ ಬಂತು. ನಾಟಿ ಆಯಿತು. ಎಮ್ಮೆ ಕರು ಹಾಕಿತು. ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಹಬ್ಬ ಆಯಿತು. ನನಗೆ ಸ್ವಲ್ಪ ಜ್ವರ ಬಂದಿತ್ತು, ಈಗ ಇಲ್ಲ. ಕಾಗದದ ಮೇಲೆ ಕಾಗದ ಮುಗಿದರೂ ಪೆನ್ಸಿಲಿಗೆ ಕೆಲಸವಿರಲಿಲ್ಲ. ನಾಟಿಯ ದಿನ ಹತ್ತಾಳಿಗೆ ಅಡುಗೆ ಮಾಡಿದವಳು, ಎಮ್ಮೆಯ ಬಳಿ ರಾತ್ರಿಯೆಲ್ಲ ಕುಳಿತವಳು, ಹಬ್ಬವನ್ನು ಆಗಿಸಿದವಳು ಆ ವಾಕ್ಯಗಳಲ್ಲಿ ಎಲ್ಲಿಯೂ ಇಲ್ಲ.

ಒಂದು ಕಾಗದದಲ್ಲಿ ಮಾತ್ರ ಪೆನ್ಸಿಲು ನಿಂತಿತು. ನಾನು ಪರೀಕ್ಷೆಯ ಫೀಜು ಕಟ್ಟಬೇಕಾಗಿದ್ದ ವರ್ಷ. ಎರಡೇ ವಾಕ್ಯ: ‘ಬಳೆ ಮಾರಿದೆ. ಹಣ ಕಳಿಸಿದ್ದೇನೆ.’ ‘ನಾನು’ ಎಂಬ ಪದ ಅಲ್ಲಿಯೂ ಇರಲಿಲ್ಲ. ಆದರೆ ಕನ್ನಡದ ಕ್ರಿಯಾಪದ ತನ್ನ ಕೊನೆಯಲ್ಲಿಯೇ ಕರ್ತೃವನ್ನು ಹೊತ್ತಿರುತ್ತದಷ್ಟೆ.

ಕಾಗದವನ್ನು ಅಕ್ಕನ ಕೈಗೆ ಕೊಟ್ಟೆ. ಅವಳು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದಳು.

“ಮಾರಿದಳೇ?” ಎಂದಳು. “ಹೊಳೆಯಲ್ಲಿ ಬಟ್ಟೆ ಒಗೆಯುವಾಗ ಬಳೆ ಕಳೆದುಹೋಯಿತು ಎಂದಿದ್ದಳು ನಮಗೆಲ್ಲ. ಎಚ್ಚರವಿಲ್ಲದವಳು ಎಂದು ಅಪ್ಪ ತಿಂಗಳುಗಟ್ಟಲೆ ಬೈದರು. ನಾನೂ ಒಂದು ದಿನ ನೀರಿಗಿಳಿದು ಮರಳೆಲ್ಲ ತಡಕಿದ್ದೆ.”